ತೋಟದ ಹುಳದಿಂದ ಡಿಎನ್‌ಎ ಬಾರ್‌ಕೋಡ್‌ವರೆಗೆ: ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳಲ್ಲಿ ಮೂಡಿಗೆರೆ ಕಡೆಯ ಅರೇಬಿಕಾ ಕಾಫಿ ತೋಟಗಳಿಗೆ ಹೋದರೆ ಬೋರರ್ (ಕಾಂಡ ಕೊರೆಯುವ ಹುಳ) ಹಿಡಿದ ಗಿಡ ಹುಡುಕುವ ಕೆಲಸ ನಡೆದಿರುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದ ಗಿಡ, ಕಾಂಡದ ಸುತ್ತ ಉಂಗುರದ ಹಾಗೆ ಎದ್ದ ಉಬ್ಬು. ಮೇಸ್ತ್ರಿ ಅದನ್ನು ಕೀಳಿಸಿ ಮಚ್ಚಿನಿಂದ ಉದ್ದಕ್ಕೆ ಸೀಳುತ್ತಾರೆ. ಒಳಗೆ ಸೊಟ್ಟಸೊಟ್ಟ ಸುರಂಗ. ಅದರ ತುಂಬ ಗಟ್ಟಿಯಾಗಿ ಒತ್ತಿದ ಮರದ ಪುಡಿ. ಕೆರೆದರೆ ಕೆನೆ ಬಣ್ಣದ ಹುಳ, ತಲೆಯ ಕಡೆ ದಪ್ಪ, ಬಾಲದ ಕಡೆ ಸಪೂರ. ಅದು ಬಿಳಿ ಕಾಂಡಕೊರಕ ಅಂತ ಯಾರೂ ಯೋಚನೆ ಮಾಡದೆ ಹೇಳುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು.

ಆದರೆ ಅಂಥದ್ದೇ ಹುಳ ಪಕ್ಕದ ಹಾಲುವಾಣದ ಕೊಂಬೆಯಲ್ಲಿ ಸಿಕ್ಕಿದರೆ? ರೋಬಸ್ಟಾ ಬುಡದಲ್ಲಿ ಸಿಕ್ಕಿದರೆ? ಉದ್ದ ಮೀಸೆಯ ದುಂಬಿಗಳಲ್ಲಿ ನೂರಾರು ಜಾತಿ ಇವೆ. ದುಂಬಿಯಾದ ಮೇಲೆ ಬಣ್ಣ, ಪಟ್ಟೆ ನೋಡಿ ಗುರುತು ಹಿಡಿಯಬಹುದು. ಮರಿಹುಳಗಳು ಮಾತ್ರ ಒಂದರ ಹಾಗೆ ಇನ್ನೊಂದು. ಸಾಕಿ ದುಂಬಿ ಮಾಡೋಣ ಎಂದರೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಹುಳ ಸಾಯುತ್ತದೆ. ಡಿಎನ್‌ಎ ಬಾರ್‌ಕೋಡ್ ಉಪಯೋಗಕ್ಕೆ ಬರುವುದು ಇಲ್ಲಿ.

ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಕಾಲೇಜು ಮಕ್ಕಳು, ಮೇಷ್ಟ್ರುಗಳು, ಆಸಕ್ತಿ ಇರುವ ಬೆಳೆಗಾರರು ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಹೇಗೆ ಮಾಡಬಹುದು ಎಂದು ಇಲ್ಲಿ ಬರೆದಿದ್ದೇನೆ. ಜೀನೋಮ್ ಎಂದರೆ ಕೋಟಿ ರೂಪಾಯಿ ಯಂತ್ರದ ಕೆಲಸ, ನಮಗಲ್ಲ ಎಂಬ ಭಾವನೆ ನಮ್ಮ ಕಡೆ ಜಾಸ್ತಿ. ನನಗೆ ಹಾಗೆ ಅನ್ನಿಸುವುದಿಲ್ಲ. ಯಂತ್ರ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರಲಿ. ಆ ಹುಳ ಯಾವ ಊರಿನ ಯಾವ ಗಿಡದ್ದು ಎಂದು ಬರೆದ ಚೀಟಿ ಇಲ್ಲಿಂದಲೇ ಹೋಗಬೇಕು. ಚೀಟಿ ತಪ್ಪಾದರೆ ಯಂತ್ರ ಕೊಟ್ಟ ಉತ್ತರಕ್ಕೂ ಬೆಲೆ ಇರುವುದಿಲ್ಲ.

ಬಾರ್‌ಕೋಡ್ ಅಂದರೆ ಏನು

ಡಿಎನ್‌ಎ ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಉದ್ದ ಬರಹ. ಪೂರ್ತಿ ಬರಹವೇ ಜೀನೋಮ್. ರೋಬಸ್ಟಾ ಕಾಫಿಯದ್ದು ಸುಮಾರು 71 ಕೋಟಿ ಅಕ್ಷರ. ಬಾರ್‌ಕೋಡ್‌ಗೆ ಅಷ್ಟೆಲ್ಲ ಓದಬೇಕಿಲ್ಲ. ಪ್ರಾಣಿಗಳಲ್ಲಿ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಸಿಒಐ ಎಂಬ ಜೀನ್‌ನ 650ರಷ್ಟು ಅಕ್ಷರ ಓದಿದರೆ ಸಾಮಾನ್ಯವಾಗಿ ಜಾತಿ ಗೊತ್ತಾಗುತ್ತದೆ ಎಂದು 2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಜೊತೆಗಾರರು ತೋರಿಸಿದರು. ಗಿಡಗಳಿಗೆ ಆರ್‌ಬಿಸಿಎಲ್, ಮ್ಯಾಟ್‌ಕೆ ಎಂಬ ಎರಡು ಜೀನ್. ಅಣಬೆ, ಬೂಷ್ಟುಗಳಿಗೆ ಐಟಿಎಸ್ ಎಂಬ ಭಾಗ. ಕಪ್ಪೆಗಳಿಗೆ 16ಎಸ್ ಎಂಬ ಜೀನನ್ನು ಜಾಸ್ತಿ ಬಳಸುತ್ತಾರೆ.

ಹೆಜ್ಜೆ 1: ಪ್ರಶ್ನೆ ಸಣ್ಣದಿರಲಿ

"ನಮ್ಮ ತೋಟದ ಎಲ್ಲ ಜೀವಿಗಳ ಡಿಎನ್‌ಎ ಮಾಡಿಸೋಣ" ಎಂದು ಹೊರಟವರು ಮೂರನೇ ವಾರಕ್ಕೆ ಬಿಡುತ್ತಾರೆ. ಒಂದೇ ಪ್ರಶ್ನೆ ಹಿಡಿಯಿರಿ. ನನ್ನ ಸಲಹೆ ಮೇಲೆ ಹೇಳಿದ್ದೇ: ಕಾಫಿ ಮತ್ತು ನೆರಳಿನ ಮರಗಳ ಕಾಂಡದಲ್ಲಿ ಸಿಗುವ ಹುಳಗಳು ಒಂದೇ ಜಾತಿಯವೋ, ಬೇರೆಬೇರೆಯೋ? ಇಪ್ಪತ್ತು ಹುಳ ಸಾಕು. ಅವು ಪೀಡೆಯ ಹುಳಗಳು, ಹೇಗೂ ಸುಡಲು ಹೋಗುವ ಕಾಂಡದಿಂದ ತೆಗೆಯುತ್ತೀರಿ. ಆದ್ದರಿಂದ ಮನಸ್ಸಿಗೂ ಹಗುರ.

ಕಪ್ಪೆ, ಹಾವು, ಚಿಟ್ಟೆಗಳನ್ನು ಮೊದಲ ಕೆಲಸಕ್ಕೆ ಆರಿಸಬೇಡಿ. ಅವುಗಳಲ್ಲಿ ಅನೇಕ ಜಾತಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಹೆಜ್ಜೆ 2: ಒಪ್ಪಿಗೆ, ಕಾಗದ ಪತ್ರ

ತೋಟದ ಮಾಲೀಕರನ್ನು ಕೇಳಿ. ಬಾಯಿಮಾತಿನ ಒಪ್ಪಿಗೆ ಸಿಕ್ಕರೂ ಒಂದು ಸಾಲು ಬರೆಸಿಕೊಳ್ಳಿ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಾದರೆ ಒಂದು ಎಲೆ ಕೀಳಲೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಬಿಸಿಲೆಯಂಥ ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ.

2002ರ ಜೀವವೈವಿಧ್ಯ ಕಾಯ್ದೆ ನಮ್ಮ ದೇಶದ ಪ್ರಜೆಗಳು ಇಲ್ಲಿಯ ಲ್ಯಾಬ್‌ನಲ್ಲೇ ಮಾಡುವ ಸಂಶೋಧನೆಗೆ ಅಡ್ಡ ಬರುವುದಿಲ್ಲ. ವಿದೇಶಕ್ಕೆ ಕಳಿಸುವುದಾದರೆ ಮಾತು ಬೇರೆ. ಒಂದು ದುಂಬಿಯ ಕಾಲಾದರೂ ಸರಿ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ಕೇಳದೆ ಲಕೋಟೆಗೆ ಹಾಕಿ ಅಂಚೆಗೆ ಕೊಡಬೇಡಿ. ಹೊರದೇಶದವರು "ನಾವು ಉಚಿತವಾಗಿ ಮಾಡಿಕೊಡುತ್ತೇವೆ" ಎಂದರೂ ಅಷ್ಟೇ.

ಇದೇ ಕಾಯ್ದೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಹಿರಿಯರಿಗೆ ಗೊತ್ತಿರುವ ವಿಷಯವನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿ ಅದರ ಕೆಲಸ. ಕೆಲಸ ಶುರು ಮಾಡುವ ಮೊದಲು ಒಮ್ಮೆ ಹೋಗಿ ಹೇಳಿ ಬನ್ನಿ. ಕೊನೆಗೆ ಮತ್ತೆ ಅಲ್ಲಿಗೆ ಹೋಗುವುದಿದೆ.

ಹೆಜ್ಜೆ 3: ಚೀಲಕ್ಕೆ ಏನೇನು

ಬಿಗಿ ಮುಚ್ಚಳದ ಎರಡು ಮಿಲಿಲೀಟರ್ ಪ್ಲಾಸ್ಟಿಕ್ ಟ್ಯೂಬ್, ಚಿಮಟ, ಸಣ್ಣ ಬ್ಲೇಡು, ಸ್ಪಿರಿಟ್ ದೀಪ ಅಥವಾ ಲೈಟರ್, ಕೈಗವಸು, ಸ್ಕೇಲು, ದಪ್ಪ ಬಿಳಿ ಕಾಗದ, ಪೆನ್ಸಿಲ್, ಮೊಬೈಲ್. ಮಳೆಗಾಲವಾದರೆ ಇಂಬಳಕ್ಕೆ ಸುಣ್ಣವೋ ಉಪ್ಪೋ.

ಮುಖ್ಯವಾದದ್ದು ಎಥನಾಲ್, ಶೇ 95ಕ್ಕಿಂತ ಮೇಲಿನದ್ದು. ಇದಕ್ಕೆ ಅಬಕಾರಿ ನಿಯಮ ಇರುವುದರಿಂದ ಅಂಗಡಿಯಲ್ಲಿ ಸುಮ್ನೆ ಸಿಗುವುದಿಲ್ಲ, ಕಾಲೇಜಿನ ಲ್ಯಾಬ್ ಮೂಲಕ ತರಿಸಬೇಕು. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಬೇಡ. ಫಾರ್ಮಲಿನ್ ಅಂತೂ ಬೇಡವೇ ಬೇಡ. ಹಳೆಯ ಮ್ಯೂಸಿಯಂ ಬಾಟಲಿಗಳಲ್ಲಿ ಹುಳ ಚೆನ್ನಾಗಿ ಕಾಣುತ್ತದೆ, ಅದರ ಡಿಎನ್‌ಎ ಮಾತ್ರ ಚೂರುಚೂರಾಗಿರುತ್ತದೆ.

ಹೆಜ್ಜೆ 4: ಹುಳ ತೆಗೆಯುವುದು

ಕಾಂಡ ಸೀಳಿದ ಕೂಡಲೇ ಹುಳ ಸುರಂಗದಲ್ಲೇ ಇರುವಾಗ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಗಿಡದ ಫೋಟೋ ಒಂದು, ಸುತ್ತಲಿನ ಜಾಗದ್ದು ಒಂದು. ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ನೋಡಿ ಬರೆದುಕೊಳ್ಳಿ.

ಒಂದು ಹುಳಕ್ಕೆ ಒಂದು ಟ್ಯೂಬ್. ಜಾಗ ಉಳಿಸಲು ಎರಡು ಹಾಕಿದರೆ ಒಂದರ ಡಿಎನ್‌ಎ ಇನ್ನೊಂದಕ್ಕೆ ಅಂಟುತ್ತದೆ. ಒಂದು ಹುಳ ಮುಟ್ಟಿದ ಚಿಮಟವನ್ನು ಎಥನಾಲ್‌ನಲ್ಲಿ ಒರೆಸಿ, ಬೆಂಕಿಗೆ ಹಿಡಿದು, ಆರಿದ ಮೇಲೆ ಇನ್ನೊಂದನ್ನು ಮುಟ್ಟಬೇಕು. ಹುಳದ ಗಾತ್ರದ ಹತ್ತು ಪಟ್ಟಾದರೂ ಎಥನಾಲ್ ಇರಲಿ. ಮಾರನೇ ದಿನ ಅದನ್ನು ಚೆಲ್ಲಿ ಹೊಸದು ಹಾಕಿ. ಹುಳದ ಮೈಯ ನೀರು ಇಳಿದು ಮೊದಲಿನದ್ದು ತೆಳ್ಳಗಾಗಿರುತ್ತದೆ. ಬಹಳ ಜನ ಬಿಡುವ ಹೆಜ್ಜೆ ಇದು.

ಎಲೆಗೆ ಎಥನಾಲ್ ಬೇಡ. ಎಳೆ ಎಲೆಯನ್ನು ಒರೆಸಿ, ಚೂರು ಮಾಡಿ, ಟೀ ಬ್ಯಾಗಿನಂಥ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ತುಂಬಿದ ಜಿಪ್ ಕವರಿನಲ್ಲಿ ಇಡಿ. ಎಲೆಯ ತೂಕದ ಹತ್ತು ಪಟ್ಟು ಜೆಲ್. ಬಣ್ಣ ಬದಲಾದರೆ ಜೆಲ್ ಬದಲಿಸಿ. ನಮ್ಮ ಜುಲೈ ತಿಂಗಳ ಹವೆಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ ಅಲ್ವಾ, ಎಲೆಗೆ ಬೂಷ್ಟು ಹಿಡಿಯಲು ಎರಡು ದಿನ ಸಾಕು.

ಹೆಜ್ಜೆ 5: ಚೀಟಿ

ಈ ಹೆಜ್ಜೆಯ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಾನು ಮೊದಲ ಸಲ ಮಕ್ಕಳ ಜೊತೆ ಹೋದಾಗ ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಿಂದ ನಂಬರ್ ಬರೆದಿದ್ದೆವು. ಮೂವತ್ತೊಂದು ಟ್ಯೂಬ್, ಎರಡು ದಿನದ ಕೆಲಸ. ಒಂದು ಟ್ಯೂಬಿನ ಮುಚ್ಚಳ ಸಡಿಲವಿತ್ತು, ಬ್ಯಾಗಿನಲ್ಲಿ ಎಥನಾಲ್ ಸೋರಿತು. ಮನೆಗೆ ಬಂದು ತೆಗೆದರೆ ಎಲ್ಲ ಟ್ಯೂಬಿನ ಮೇಲೂ ನೀಲಿ ಕಲೆ, ಒಂದು ನಂಬರೂ ಇಲ್ಲ. ಹುಳಗಳು ಚೆನ್ನಾಗಿಯೇ ಇದ್ದವು, ಡಿಎನ್‌ಎಯೂ ಚೆನ್ನಾಗಿರುತ್ತಿತ್ತು. ಆದರೆ ಯಾವುದು ಕಾಫಿಯದ್ದು, ಯಾವುದು ಹಾಲುವಾಣದ್ದು ಎಂದು ಹೇಳುವವರು ಯಾರು? ಎಲ್ಲವನ್ನೂ ಬಿಡಬೇಕಾಯಿತು. ಒಬ್ಬ ಹುಡುಗಿ ಅತ್ತೇ ಬಿಟ್ಟಳು.

ಆದ್ದರಿಂದ ದಪ್ಪ ಕಾಗದದ ಸಣ್ಣ ಚೀಟಿಯ ಮೇಲೆ ಪೆನ್ಸಿಲ್‌ನಿಂದ ಬರೆದು ಟ್ಯೂಬಿನ ಒಳಗೇ ಹಾಕಿ. ಪೆನ್ಸಿಲ್ ಸೀಸವನ್ನು ಎಥನಾಲ್ ಕರಗಿಸುವುದಿಲ್ಲ. ಚೀಟಿಯಲ್ಲಿ ಇಷ್ಟು ಇರಲಿ: ನಿಮ್ಮ ನಂಬರ್, ದಿನಾಂಕ, ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ಯಾವ ಗಿಡದ ಯಾವ ಭಾಗ, ಹಿಡಿದವರ ಹೆಸರು. ಅದೇ ವಿವರ ನೋಟ್‌ಬುಕ್ಕಿನಲ್ಲಿ ಇನ್ನೂ ಬಿಡಿಸಿ. ಸಂಜೆ ಮನೆಗೆ ಬಂದು ಕಂಪ್ಯೂಟರಿಗೆ. ಊರಿನವರು ಆ ಹುಳಕ್ಕೆ, ಮರಕ್ಕೆ ಏನು ಹೆಸರು ಹೇಳುತ್ತಾರೋ ಅದನ್ನೂ ಕನ್ನಡದಲ್ಲೇ ಬರೆಯಿರಿ.

ಊರಿನ ಹೆಸರು ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ನಮ್ಮಲ್ಲೇ ಒಂದು ಕಥೆ ಇದೆ. ಚಾರ್ಮಾಡಿ ಘಾಟಿ ಇಳಿಯುವ ಮೊದಲು ಸಿಗುವ ಕೊಟ್ಟಿಗೆಹಾರ ಎಲ್ಲರಿಗೂ ಗೊತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ಅಲ್ಲಿಯ ತೊರೆಯ ಒಂದು ಪುಟ್ಟ ಕಪ್ಪೆಯನ್ನು ವಿಜ್ಞಾನಕ್ಕೆ ಪರಿಚಯಿಸಿ, ಅದರ ಹೆಸರಿನಲ್ಲೇ ಊರನ್ನು ಸೇರಿಸಿದರು: ಕೊಟ್ಟಿಗೆಹಾರೆನ್ಸಿಸ್. ಗಂಡು ಕಪ್ಪೆ ಹಿಂಗಾಲು ಚಾಚಿ ಬೀಸುವುದರಿಂದ ಇದನ್ನು ಕುಣಿಯುವ ಕಪ್ಪೆ ಎನ್ನುತ್ತಾರೆ. ರಾಯರು ಹೆಸರಿಟ್ಟ ಕಪ್ಪೆಗಳ ಮೂಲ ಮಾದರಿಗಳು ಮುಂದೆ ಕಳೆದುಹೋದವು. ನಂತರದವರಿಗೆ ಉಳಿದದ್ದು ಅವರ ಬರಹ ಮತ್ತು ಆ ಊರಿನ ಹೆಸರು. 2014ರಲ್ಲಿ ಪಶ್ಚಿಮ ಘಟ್ಟದ ಕುಣಿಯುವ ಕಪ್ಪೆಗಳನ್ನು ಡಿಎನ್‌ಎ ಸಹಾಯದಿಂದ ಬಿಡಿಸಿ ನೋಡಿದಾಗ ಹದಿನಾಲ್ಕು ಹೊಸ ಜಾತಿಗಳು ಹೊರಬಂದವು. ಅಷ್ಟು ಅಣ್ಣತಮ್ಮಂದಿರ ನಡುವೆ ರಾಯರ ಕಪ್ಪೆ ಯಾವುದು ಎಂದು ತಿಳಿಯಲು "ಕೊಟ್ಟಿಗೆಹಾರ" ಎಂಬ ಒಂದು ಪದ ದಾರಿ ತೋರಿಸುತ್ತದೆ. ಅವರ ನೆನಪಿಗೆ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿದ್ದಾರೆ.

ಹೆಜ್ಜೆ 6: ಮೈಯೆಲ್ಲ ಅರೆಯಬೇಡಿ

ಮರಿಹುಳದ ಮೈಯ ಬದಿಯಿಂದ ಅರ್ಧ ಅಕ್ಕಿಕಾಳಿನಷ್ಟು ಮಾಂಸ ಸಾಕು. ಹೊಟ್ಟೆಯ ಕರುಳು ಬೇಡ, ಅದರಲ್ಲಿ ತಿಂದದ್ದರ ಡಿಎನ್‌ಎ, ಬ್ಯಾಕ್ಟೀರಿಯಾ ಎಲ್ಲ ಇರುತ್ತದೆ. ದುಂಬಿಯಾದರೆ ಒಂದು ಕಾಲು. ಉಳಿದ ದೇಹ ಅದೇ ನಂಬರಿನ ಟ್ಯೂಬಿನಲ್ಲಿ ಹಾಗೆಯೇ ಇರಬೇಕು. ನಾಳೆ ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಲು ಅದೇ ಸಾಕ್ಷಿ. ಇದನ್ನು ವೌಚರ್ ಎನ್ನುತ್ತಾರೆ. ಕಾಲೇಜಿನ ಬೀರುವಿನಲ್ಲಿ ಇಡುವುದಕ್ಕಿಂತ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಅಥವಾ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಕೀಟ ಸಂಗ್ರಹಕ್ಕೆ ಕೇಳಿ ಕೊಡುವುದು ಒಳ್ಳೆಯದು. ಬೀರು ಬದಲಾಗುತ್ತದೆ, ಮೇಷ್ಟ್ರು ವರ್ಗವಾಗಿ ಹೋಗುತ್ತಾರೆ.

ಹೆಜ್ಜೆ 7: ಲ್ಯಾಬಿಗೆ

ಕಳಿಸುವವರೆಗೆ ಫ್ರಿಜ್‌ನಲ್ಲಿಡಿ, ಮೈನಸ್ 20 ಡಿಗ್ರಿಯ ಫ್ರೀಜರ್ ಇದ್ದರೆ ಇನ್ನೂ ಒಳ್ಳೆಯದು. ಎಥನಾಲ್ ಬೆಂಕಿಗೆ ಹತ್ತುವ ವಸ್ತು, ಕೊರಿಯರ್‌ನಲ್ಲಿ ಸುಮ್ನೆ ಹಾಕುವಂತಿಲ್ಲ. ಹೊರಡುವ ಹೊತ್ತಿಗೆ ಟ್ಯೂಬಿನಿಂದ ಅದನ್ನು ಬಸಿದು, ಮಾಂಸದ ಚೂರು ಒದ್ದೆಯಾಗಿರುವಾಗಲೇ ಮುಚ್ಚಿ, ತಂಪು ಡಬ್ಬಿಯಲ್ಲಿ ನೀವೇ ಒಯ್ಯುವುದು ಸುಲಭ. ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ಲ್ಯಾಬ್ ಹುಡುಕುವುದು ಹೇಗೆ? ಕೀಟವಾದರೆ ಮೇಲೆ ಹೇಳಿದ ಎರಡು ಜಾಗ, ಕಾಫಿಯ ವಿಷಯವಾದರೆ 1925ರಿಂದ ಬಾಳೆಹೊನ್ನೂರಿನಲ್ಲಿರುವ ಕಾಫಿ ಸಂಶೋಧನಾ ಕೇಂದ್ರ, ಕಾಡುಜೀವಿಗಳಾದರೆ ಬೆಂಗಳೂರಿನ ಎನ್‌ಸಿಬಿಎಸ್, ಏಟ್ರೀ, ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಗಳು. ಪತ್ರ ಚಿಕ್ಕದಾಗಿರಲಿ. ಪ್ರಶ್ನೆ ಏನು, ಎಷ್ಟು ಮಾದರಿ ಇದೆ, ಹೇಗೆ ಇಟ್ಟಿದ್ದೀರಿ, ಫೋಟೋ ಮತ್ತು ಜಾಗದ ಪಟ್ಟಿ ಇದೆ ಎಂದು ಬರೆಯಿರಿ. ಪಟ್ಟಿ ಚೊಕ್ಕವಾಗಿದ್ದರೆ ಉತ್ತರ ಬೇಗ ಬರುತ್ತದೆ, ಇದು ನನ್ನ ಅನುಭವ. ಮಾದರಿ ಕೊಡುವ ಮೊದಲೇ ಎರಡು ವಿಷಯ ಮಾತಾಡಿಕೊಳ್ಳಿ: ಲೇಖನ ಬಂದರೆ ಯಾರ ಯಾರ ಹೆಸರು, ಮತ್ತು ಉಳಿದ ಡಿಎನ್‌ಎ ಎಲ್ಲಿರುತ್ತದೆ. ಕೇಳಲು ಸಂಕೋಚ ಬೇಡ. ಹುಳ ಹಿಡಿದ ವಿದ್ಯಾರ್ಥಿಯ ಹೆಸರು ದಾಖಲೆಯಲ್ಲಿ ಬರುವುದು ಅವನ ಹಕ್ಕು.

ಹೆಜ್ಜೆ 8: ಲ್ಯಾಬಿನಲ್ಲಿ ನಡೆಯುವುದು

ಸಾಧ್ಯವಾದರೆ ಎರಡು ದಿನ ಅಲ್ಲೇ ಇದ್ದು ನೋಡಿ. ಮಾಂಸದ ಚೂರನ್ನು ಪ್ರೋಟಿನೇಸ್ ಕೆ ಎಂಬ ಕಿಣ್ವದಲ್ಲಿ 56 ಡಿಗ್ರಿ ಶಾಖಕ್ಕೆ ರಾತ್ರಿಯಿಡೀ ಬಿಟ್ಟರೆ ಕರಗಿ ತಿಳಿಯಾಗುತ್ತದೆ. ಅದರಿಂದ ಡಿಎನ್‌ಎ ಬೇರ್ಪಡಿಸಿ, ಸಿಒಐ ಭಾಗವನ್ನು ಮಾತ್ರ ಪಿಸಿಆರ್ ಎಂಬ ವಿಧಾನದಲ್ಲಿ ಕೋಟಿಗಟ್ಟಲೆ ಪ್ರತಿ ಮಾಡುತ್ತಾರೆ. 1994ರಲ್ಲಿ ಬಂದ ಎಲ್‌ಸಿಒ1490, ಎಚ್‌ಸಿಒ2198 ಎಂಬ ಪ್ರೈಮರ್ (ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ಚೂರು) ಜೋಡಿ ಇಂದಿಗೂ ಹೆಚ್ಚಿನ ಕೀಟಗಳಿಗೆ ನಡೆಯುತ್ತದೆ. ಜೊತೆಗೆ ಹುಳವೇ ಇಲ್ಲದ, ಬರೀ ನೀರಿನ ಒಂದು ಟ್ಯೂಬ್ ಓಡಿಸಲೇಬೇಕು. ಪ್ರತಿಯಾದ ಡಿಎನ್‌ಎಯನ್ನು ಗೆರೆಯಾಗಿ ತೋರಿಸುವ ಜೆಲ್‌ನಲ್ಲಿ ಅದರಲ್ಲೂ ಗೆರೆ ಕಂಡರೆ ಎಲ್ಲೋ ಕಲಬೆರಕೆ ಆಗಿದೆ, ಆ ದಿನದ ಕೆಲಸ ಪೂರ್ತಿ ಮತ್ತೆ ಮಾಡಬೇಕು. 700 ಅಕ್ಷರದ ಆಸುಪಾಸಿನಲ್ಲಿ ಒಂದೇ ಸ್ಪಷ್ಟ ಗೆರೆ ಬಂದ ಮಾದರಿಗಳು ಸೀಕ್ವೆನ್ಸಿಂಗ್‌ಗೆ, ಅಂದರೆ ಅಕ್ಷರ ಓದಿಸಲು, ಹೋಗುತ್ತವೆ. ಎರಡೂ ದಿಕ್ಕಿನಿಂದ ಓದಿಸಿ.

ಹೆಜ್ಜೆ 9: ಅಕ್ಷರ ಓದುವುದು

ಈ ಕೆಲಸ ಮನೆಯಲ್ಲೇ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಆಗುತ್ತದೆ. ಯೂಜೀನ್, ಮೆಗಾ ಎಂಬ ತಂತ್ರಾಂಶಗಳು ಉಚಿತ. ಲ್ಯಾಬ್ ಕೊಟ್ಟ ಫೈಲ್ ತೆರೆದರೆ ಬೆಟ್ಟದ ಸಾಲಿನ ಹಾಗೆ ಬಣ್ಣದ ಶಿಖರಗಳು: ಎ ಹಸಿರು, ಟಿ ಕೆಂಪು, ಜಿ ಕಪ್ಪು, ಸಿ ನೀಲಿ. ಮೊದಲ ಇಪ್ಪತ್ತು ಮೂವತ್ತು ಅಕ್ಷರ ಗಜಿಬಿಜಿ, ಕೊನೆಯವೂ ಹಾಗೇ. ಅವನ್ನು ಕತ್ತರಿಸಿ. ನಡುವೆ ಒಂದರ ಮೇಲೆ ಒಂದು ಎರಡು ಶಿಖರ ಕಂಡಲ್ಲಿ ಇನ್ನೊಂದು ದಿಕ್ಕಿನ ಓದು ಏನು ಹೇಳುತ್ತದೆ ನೋಡಿ. ಅಲ್ಲೂ ಅನುಮಾನವಾದರೆ "ಎನ್" ಎಂದು ಹಾಕಿ. ಊಹೆ ಮಾಡಿ ತುಂಬಬೇಡಿ. ಪ್ರೈಮರ್ ಅಕ್ಷರಗಳನ್ನು ತೆಗೆದ ಮೇಲೆ 658 ಅಕ್ಷರ ಉಳಿದರೆ ಪೂರ್ತಿ ಬಾರ್‌ಕೋಡ್ ಸಿಕ್ಕಿದಂತೆ.

ಆಮೇಲೆ ಅದನ್ನು ಪ್ರೋಟೀನಿಗೆ ಅನುವಾದಿಸಿ ನೋಡಿ. ನಡುವೆ "ನಿಲ್ಲು" ಎಂಬ ಸಂಕೇತ ಬಂದರೆ ಅದು ನಿಜವಾದ ಸಿಒಐ ಇರಲಾರದು, ಕೋಶಕೇಂದ್ರದಲ್ಲಿ ಸೇರಿಕೊಂಡ ಅದರ ಹಳೆಯ ನಕಲು ಇರಬಹುದು.

ಈಗ ಜೆನ್‌ಬ್ಯಾಂಕ್ ಮತ್ತು ಬೋಲ್ಡ್ ಎಂಬ ಎರಡು ಸಾರ್ವಜನಿಕ ಭಂಡಾರಗಳಲ್ಲಿ ಹುಡುಕಿ. ಶೇ 99ಕ್ಕಿಂತ ಮೇಲೆ ಹೊಂದಿ, ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಎಂದು ಬಂದರೆ ನಿಮ್ಮ ಹುಳ ಬಿಳಿ ಕಾಂಡಕೊರಕ. ಆದರೂ ಆ ಹಳೆಯ ದಾಖಲೆ ಎಲ್ಲಿಯದ್ದು, ವೌಚರ್ ಇದೆಯಾ, ಫೋಟೋ ಇದೆಯಾ ನೋಡಿ. ತಪ್ಪು ಹೆಸರಿನ ದಾಖಲೆಗಳು ಭಂಡಾರದಲ್ಲಿ ಇವೆ. ಶೇ 88 ಎಂದು ಬಂದರೆ ಹೊಸ ಜಾತಿ ಸಿಕ್ಕಿತು ಎಂದು ಪತ್ರಿಕೆಗೆ ಫೋನ್ ಮಾಡಬೇಡಿ. ಆ ಜಾತಿಯ ಬಾರ್‌ಕೋಡ್ ಅನ್ನು ಇದುವರೆಗೆ ಯಾರೂ ಹಾಕಿಲ್ಲ ಎಂಬುದು ಅದರ ಮೊದಲ ಅರ್ಥ. ಶೇ 2 ಅಥವಾ 3 ವ್ಯತ್ಯಾಸವಾದರೆ ಬೇರೆ ಜಾತಿ ಎಂಬುದು ಬರೀ ಅಂದಾಜು ಲೆಕ್ಕ. ಕೀಟಗಳಲ್ಲಿ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಈ ಲೆಕ್ಕ ತಪ್ಪುತ್ತದೆ. ದುಂಬಿಯ ಮೈ ನೋಡಿ ಗುರುತಿಸಬಲ್ಲ ವರ್ಗೀಕರಣ ತಜ್ಞರನ್ನು ಕೇಳದೆ ಹೆಸರು ಅಂತಿಮ ಮಾಡಬೇಡಿ. ಅಂಥವರು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹೆಜ್ಜೆ 10: ಎಲ್ಲರಿಗೂ ಸಿಗುವ ಹಾಗೆ ಇಡುವುದು

ಅಕ್ಷರದ ಜೊತೆ ಶಿಖರಗಳ ಫೈಲ್, ಫೋಟೋ, ಪ್ರೈಮರ್ ಹೆಸರು, ವೌಚರ್ ಎಲ್ಲಿದೆ, ಗುರುತಿಸಿದವರು ಯಾರು, ಎಲ್ಲವನ್ನೂ ಬೋಲ್ಡ್‌ಗೆ ಹಾಕಿ. ನಮ್ಮ ದೇಶದ್ದೇ ಆದ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಫರೀದಾಬಾದಿನಲ್ಲಿ 2022ರಿಂದ ಇದೆ, ಅಲ್ಲಿಗೂ ಹಾಕಬಹುದು. ಯಾವ ದೇಶದ್ದು, ಯಾವಾಗ ಹಿಡಿದದ್ದು ಎಂಬುದನ್ನು ಅಂತರರಾಷ್ಟ್ರೀಯ ಭಂಡಾರಗಳು ಈಗ ಕಡ್ಡಾಯವಾಗಿ ಕೇಳುತ್ತವೆ. ಇದು ಬರೀ ಶಿಸ್ತಿನ ಮಾತಲ್ಲ. ಇಂಥ ಅಕ್ಷರಗಳನ್ನು ಬಳಸಿ ಲಾಭ ಮಾಡುವ ಕಂಪನಿಗಳು ಒಂದು ಪಾಲು ಕೊಡಲಿ ಎಂದು 2024ರಲ್ಲಿ ಕೊಲಂಬಿಯಾದ ಕಾಲಿ ನಗರದ ಜೀವವೈವಿಧ್ಯ ಸಭೆಯಲ್ಲಿ ಒಂದು ನಿಧಿಗೆ ಒಪ್ಪಿಗೆಯಾಯಿತು. ಯಾವ ಜೀವಿ ಯಾವ ನೆಲದ್ದು ಎಂದು ದಾಖಲೆ ಇಲ್ಲದಿದ್ದರೆ ನಮ್ಮ ನೆಲದ ಪಾಲು ಕೇಳಲು ಆಧಾರ ಎಲ್ಲಿ?

ಒಂದು ಎಚ್ಚರಿಕೆ. ಅಪರೂಪದ ಆರ್ಕಿಡ್, ಕಪ್ಪೆಗಳಂಥ ಜೀವಿಗಳ ನಿಖರ ಜಾಗವನ್ನು ಸಾರ್ವಜನಿಕವಾಗಿ ಹಾಕಬೇಡಿ. ತಾಲ್ಲೂಕಿನ ಹೆಸರು ಸಾಕು. ಪೂರ್ತಿ ವಿವರ ವೌಚರ್ ಜೊತೆ ಇರಲಿ.

ಬಾರ್‌ಕೋಡ್‌ನಿಂದ ಮುಂದೆ, ಪೂರ್ತಿ ಜೀನೋಮ್‌ಗೆ

ಭೂಮಿಯ ಮೇಲಿನ ಹೆಸರಿಟ್ಟ ಎಲ್ಲ ಗಿಡ, ಪ್ರಾಣಿ, ಶಿಲೀಂಧ್ರಗಳ ಜೀನೋಮ್ ಓದಬೇಕೆಂದು 2018ರಲ್ಲಿ ಅರ್ಥ್ ಬಯೋಜೀನೋಮ್ ಪ್ರಾಜೆಕ್ಟ್ ಶುರುವಾಯಿತು. ಬ್ರಿಟನ್, ಐರ್ಲೆಂಡ್‌ನವರು ತಮ್ಮ ದ್ವೀಪಗಳ 70,000 ಜಾತಿಗಳನ್ನು ಹಿಡಿದಿದ್ದಾರೆ. ನಮ್ಮ ಕಾಫಿಯ ವಿಷಯದಲ್ಲಿ ರೋಬಸ್ಟಾ ಜೀನೋಮ್ 2014ರಲ್ಲಿ ಬಂತು. ಅರೇಬಿಕಾದ್ದು 2024ರಲ್ಲಿ, ಹತ್ತು ವರ್ಷ ತಡವಾಗಿ, ಅದೂ ಪೂರ್ತಿ ಬಿಡಿಸಿದ ರೂಪದಲ್ಲಿ ಬಂತು. ತಡಕ್ಕೆ ಕಾರಣ ಇದೆ. ಅರೇಬಿಕಾ ಎಂಬುದು ರೋಬಸ್ಟಾ ಮತ್ತು ಯೂಜೆನಿಯೋಯ್ಡಿಸ್ ಎಂಬ ಎರಡು ಜಾತಿ ಎಂದೋ ಕೂಡಿ ಹುಟ್ಟಿದ ಗಿಡ. ರೋಬಸ್ಟಾಗೆ 22 ಕ್ರೋಮೋಸೋಮ್, ಅರೇಬಿಕಾಗೆ 44. ಒಂದೇ ಹಾಗಿರುವ ಎರಡು ಪುಸ್ತಕ ಹರಿದು ಒಂದೇ ಚೀಲದಲ್ಲಿ ಕಲಸಿದಂತೆ, ಯಾವ ಹಾಳೆ ಯಾವುದಕ್ಕೆ ಸೇರಿದ್ದು ಎಂದು ಬೇರ್ಪಡಿಸುವುದೇ ಕಷ್ಟ. ಬಾಳೆಹೊನ್ನೂರಿನಿಂದ ಬಂದ ನಮ್ಮ ಎಸ್. 795 ತಳಿಯಲ್ಲಿ ಲಿಬೇರಿಕಾ ಕಾಫಿಯ ರಕ್ತವೂ ಇದೆ.

ಈ ಕೆಲಸಕ್ಕೆ ಎಥನಾಲ್ ಸಾಲದು. ಡಿಎನ್‌ಎ ಉದ್ದುದ್ದ ಎಳೆಯಾಗಿ ಸಿಗಬೇಕಾದರೆ ಜೀವಂತ ಮಾಂಸವನ್ನು ಹಿಡಿದ ಜಾಗದಲ್ಲೇ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮುಳುಗಿಸಿ, ಆಮೇಲೆ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಇಲ್ಲಿ ಅದೆಲ್ಲ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ದನಗಳ ಕೃತಕ ಗರ್ಭಧಾರಣೆಯ ಕಡ್ಡಿಗಳನ್ನು ಇಡುವ ಕ್ಯಾನ್ ನೋಡಿದ್ದೀರಲ್ಲ, ಅದರಲ್ಲಿ ಇರುವುದು ಇದೇ. ಪಶು ಆಸ್ಪತ್ರೆಯವರನ್ನು, ಹಾಸನದ ಕಡೆಯವರಾದರೆ ಅಲ್ಲಿಯ ಪಶುವೈದ್ಯಕೀಯ ಕಾಲೇಜಿನವರನ್ನು ವಿಚಾರಿಸಿ. ಎಲ್ಲಿಂದ ತರಿಸುವುದು, ಹೇಗೆ ಹಿಡಿಯುವುದು ಎಂದು ಅವರಿಗೆ ಚೆನ್ನಾಗಿ ಗೊತ್ತು. ಮುಚ್ಚಿದ ಕೋಣೆಯಲ್ಲಿ, ಗಾಜು ಏರಿಸಿದ ಕಾರಿನಲ್ಲಿ ಮಾತ್ರ ಅದನ್ನು ಒಯ್ಯಬೇಡಿ, ಉಸಿರುಗಟ್ಟುತ್ತದೆ.

ಹೆಜ್ಜೆ 11: ತೋಟಕ್ಕೆ ವಾಪಸ್

ಫಲಿತಾಂಶ ಬಂದ ವಾರದಲ್ಲೇ ತೋಟಕ್ಕೆ ಹೋಗಿ. ಮಾಲೀಕರಿಗೆ, ಕಾಂಡ ಸೀಳಿಕೊಟ್ಟ ಮೇಸ್ತ್ರಿಗೆ ಹೇಳಿ: ಹಾಲುವಾಣದ ಹುಳ ಬೋರರ್ ಅಲ್ಲ, ಅದನ್ನು ನೋಡಿ ಮರ ಕಡಿಯಬೇಕಿಲ್ಲ, ಅಥವಾ ಹೌದು, ಎಚ್ಚರ ಬೇಕು. ಕಾಂಡಕೊರಕದ ದುಂಬಿ ಹೊರಗೆ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲೇ ಈ ಮಾತು ಅವರಿಗೆ ತಲುಪಿದರೆ ಉಪಯೋಗ. ಪಂಚಾಯಿತಿಯ ಸಮಿತಿಗೆ ಕನ್ನಡದಲ್ಲಿ ಒಂದು ಪುಟ ಬರೆದು ಕೊಡಿ, ದಾಖಲಾತಿಗೆ ಸೇರಲಿ.

ಕೊನೆಯದಾಗಿ, ಭಂಡಾರ ಕೊಟ್ಟ ದಾಖಲೆ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಬರೆಯಿರಿ. ಅದನ್ನೇ ಹೊಸ ಚೀಟಿಯ ಮೇಲೆ ಪೆನ್ಸಿಲ್‌ನಿಂದ ಬರೆದು, ಹುಳದ ಉಳಿದ ದೇಹ ಇರುವ ಟ್ಯೂಬಿಗೆ ಹಳೆಯ ಚೀಟಿಯ ಪಕ್ಕದಲ್ಲೇ ಹಾಕಿ. ಹಳೆಯದನ್ನು ತೆಗೆಯಬೇಡಿ. ಎಥನಾಲ್ ಕಡಿಮೆಯಾಗಿದ್ದರೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ.